ಹುಳುವಿನೊಡನೆ ಹಂಚಿಕೊಂಡ ಮನೆ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಸುತ್ತಿನ ಹಳೆಯ ಮನೆಗಳನ್ನು, ಅಂದರೆ ಕಲ್ಲುಚಪ್ಪಡಿಯ ಇಲ್ಲವೆ ಹೆಂಚಿನ ಸೂರಿನಡಿ ಒಂದು ಪಡಸಾಲೆ, ಒಂದು ನಡುಮನೆ, ಮೂಲೆಯಲ್ಲೊಂದು ಒಲೆಯಿದ್ದ ಚಿಕ್ಕ ಮನೆಗಳನ್ನು, ಅರಿಯಬೇಕಾದರೆ ಅವುಗಳಲ್ಲಿ ಮನುಷ್ಯರ ಜೊತೆಗೆ ರೇಷ್ಮೆಹುಳುವೂ ಬಾಳುತ್ತಿತ್ತೆಂಬುದನ್ನು ಮೊದಲು ಮನಗಾಣಬೇಕು. 18ನೆಯ ಶತಮಾನದ ಕೊನೆಯ ದಶಕಗಳಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ ಈ ಕಸುಬು ಕಾರ್ಖಾನೆಯದಾಗದೆ ಮನೆಯದಾಗಿಯೇ ಬೆಳೆಯಿತು.

ಜಪಾನಿನ ಶಿರಕಾವ ಕಣಿವೆಯ ರೈತರು ಕಡಿದಾದ ಹುಲ್ಲುಮಾಡಿನ ಒಳಗೆ ಅಟ್ಟಗಳನ್ನು ಕಟ್ಟಿ, ಹುಳುವನ್ನು ಮೇಲಿರಿಸಿ ತಾವು ಕೆಳಗಿದ್ದರು. ಇಲ್ಲಿನ ಮನೆಗಳಿಗೆ ಅಂಥ ಅಟ್ಟವಿರಲಿಲ್ಲ. ಮೇಲಾಗಿ ಮೈಸೂರು ತಳಿಯು ಬಹುಪೀಳಿಗೆಯದು, ಎಂದರೆ ವರ್ಷದುದ್ದಕ್ಕೂ ಮತ್ತೆ ಮತ್ತೆ ಮೊಟ್ಟೆಯೊಡೆಯುವಂಥದು. ಆದ್ದರಿಂದ ಒಂದು ಬೆಳೆ ಮುಗಿದು ಇನ್ನೊಂದು ಮೊದಲಾಗುವ ನಡುವೆ ಮನೆಯನ್ನು ತೊಳೆದು, ಬಳಿದು, ಮತ್ತೆ ಹೊಂದಿಸಿಕೊಳ್ಳುವ ಕೆಲಸವು ವರ್ಷದಲ್ಲಿ ಹಲವು ಬಾರಿ ಬರುತ್ತಿತ್ತು.

ಈ ಹೊಂದಿಸುವಿಕೆಯ ಜಾಣ್ಮೆ ಬಹುಪಾಲು ಹೆಂಗಸರದು. ಹುಳುವು ತನ್ನ ಸುಮಾರು ನಾಲ್ಕು ವಾರದ ಬಾಳಿನಲ್ಲಿ ಹತ್ತುಸಾವಿರ ಪಟ್ಟು ತೂಕ ಏರಿಸಿಕೊಳ್ಳುತ್ತದೆ. ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುವ ನಿದ್ರೆಗೆ ರೈತರು ‘ಜ್ವರ’ ಎನ್ನುತ್ತಾರೆ. ಚಾಕಿ ಹಂತದಲ್ಲಿ, ಅಂದರೆ ಎರಡನೆಯ ಜ್ವರ ಕಳೆಯುವವರೆಗೆ, ಮೂಲೆಯ ಕೆಲವೇ ತಟ್ಟೆಗಳಲ್ಲಿ ಅಡಗಿದ ಮರಿಗಳು ನಾಲ್ಕನೆಯ ಜ್ವರ ಎದ್ದ ಮೇಲೆ ಇಡೀ ಮನೆಯನ್ನೇ ಬೇಡುತ್ತಿದ್ದವು. ಆಗ ನೆಲವನ್ನು ಹಿಗ್ಗಿಸಲಾಗದವರು ಎತ್ತರವನ್ನು ಬಳಸಿದರು: ಬಿದಿರಿನ ದುಂಡು ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದರಂತೆ ಸೂರಿನವರೆಗೆ ಏರಿಸಿ, ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರು. ಸೊಪ್ಪಿಗೆ ತಂಪು ಮೂಲೆ, ಕಾಳಿನ ಮೂಟೆಗೆ ಗೋಡೆಯ ಮಗ್ಗುಲು, ಮಕ್ಕಳ ಹಾಸಿಗೆಗೆ ಸ್ಟ್ಯಾಂಡುಗಳ ನಡುವಣ ಓಣಿ. ಚಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಬೇಸಿಗೆಯಲ್ಲಿ ಕಿಟಕಿಗೆ ನೆನೆಸಿದ ಗೋಣಿ ಬೇಕಾಗುತ್ತಿತ್ತು, ಏಕೆಂದರೆ ಹುಳುವಿಗೆ ಹಿತವಾದುದು ಸುಮಾರು 24ರಿಂದ 28 ಡಿಗ್ರಿಯ ಬಿಸಿ ಮತ್ತು ತೇವದ ಗಾಳಿ. ಹೊಗೆಸೊಪ್ಪಿನ ನಂಜು ಹುಳುವನ್ನು ಕೊಲ್ಲಬಲ್ಲದಾದ್ದರಿಂದ ಬೀಡಿ ಸೇದುವವರು ಹೊರಗುಳಿಯಬೇಕಿತ್ತು. ಈ ಅರಿವನ್ನು ಇತಿಹಾಸಕಾರರು ಕಸುಬಿನ ವಿದ್ಯೆಯೆಂದು ಬರೆದಿಟ್ಟದ್ದು ಕಡಿಮೆ. ತಳಿಗಳಿಗೆ ಸಿಕ್ಕ ಪುಟಗಳು ಆ ತಟ್ಟೆಗಳನ್ನು ಜೋಡಿಸಿದ ಕೈಗಳಿಗೂ ಸಲ್ಲಬೇಕಾಗಿತ್ತು.

ಒಟ್ಟಿಗೆ ಬಾಳುವುದಕ್ಕೆ ಬೆಲೆಯೂ ಇತ್ತು. ಮನುಷ್ಯರ ಓಡಾಟದೊಡನೆ ರೋಗ ಒಳಬರುತ್ತಿತ್ತು. ಒಲೆಯಿರುವ ಮನೆಯನ್ನು ಔಷಧಿ ಹೊಡೆದು ಮುಚ್ಚಿಡುವುದು ಕಷ್ಟವಾಗಿತ್ತು. ಹಿಕ್ಕೆ ಮತ್ತು ಕೊಳೆತ ಸೊಪ್ಪಿನ ನಾತದಲ್ಲಿಯೇ ಮಕ್ಕಳು ಮಲಗುತ್ತಿದ್ದರು. 1980ರಲ್ಲಿ ಬಂಗಾಳದ ಬಿತ್ತನೆಗೂಡಿನೊಡನೆ ಊಜಿ ನೊಣ ಕರ್ನಾಟಕಕ್ಕೆ ಬಂದಾಗ ತೊಡಕು ಮತ್ತಷ್ಟು ಬಿಗಿಯಾಯಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಮರಿಯಿಂದ ಅದನ್ನು ಒಳಗಿನಿಂದಲೇ ತಿನ್ನಿಸುವ ಈ ನೊಣವನ್ನು ತಡೆಯಲು ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟಬೇಕಾಯಿತು, ಆದರೆ ದಿನವಿಡೀ ಜನ ಬಂದುಹೋಗುವ ಮನೆಯಲ್ಲಿ ಪರದೆ ನಿಲ್ಲುವುದೆಂತು?

ಪ್ರತ್ಯೇಕ ಹುಳುಮನೆಯ ಕಡೆಗೆ ರೈತರು ತಿರುಗಿದ್ದಕ್ಕೆ ಇದು ಒಂದು ಕಾರಣ. ಹೆಚ್ಚು ಎಚ್ಚರ ಬೇಡುವ ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ, ಹುಳುಗಳು ಹರಡಿದ್ದು ಇನ್ನೊಂದು. ಎಲೆ ಬಿಡಿಸದೆ ಕಡ್ಡಿಯನ್ನೇ ಹಾಸಿ ಮೇಯಿಸುವ ಪದ್ಧತಿ ಬಂದ ಮೇಲೆ ದುಂಡು ತಟ್ಟೆಯ ಜಾಗದಲ್ಲಿ ಅಗಲವಾದ ಅಂಕಣಗಳು ನಿಂತವು. ಅವು ನಡುಮನೆಯಲ್ಲಿ ಹಿಡಿಯುವಂಥವಲ್ಲ. ಚಾಕಿ ಸಾಕಣೆಯೂ ಬೇರೆ ಕೇಂದ್ರಗಳಿಗೆ ಹೋಯಿತು. ಹುಳುಮನೆ ಕಟ್ಟಲು ಜಾಗವೂ ಹಣವೂ ಇದ್ದವರು ಬೇಗ ಬೇರೆಯಾದರು, ಇಲ್ಲದವರು ಹುಳುವಿನ ಪಕ್ಕದಲ್ಲೇ ಉಳಿದರು.

ಹುಳು ಹಣ್ಣಾದಾಗ, ಅಂದರೆ ಮೇವು ಬಿಟ್ಟು ಮೈ ಪಾರದರ್ಶಕವಾಗಿ ಗೂಡು ಕಟ್ಟಲು ಸಿದ್ಧವಾದಾಗ, ಹಳೆಯ ಮನೆಗೆ ಬಿಡುವು ದೊರೆಯುತ್ತಿತ್ತು. ಸುರುಳಿ ಸುತ್ತಿದ ಬಿದಿರುಪಟ್ಟಿಯ ಚಂದ್ರಿಕೆಗಳ ಮೇಲೆ ಹುಳುಗಳನ್ನು ಬಿಟ್ಟು, ಅವು ಸುರಿಸುವ ನೀರು ಗಾಳಿಗೆ ಆರಲೆಂದು ಜಗುಲಿಯ ನೆರಳಿಗೆ ಒರಗಿಸುತ್ತಿದ್ದರು. ಚಂದ್ರಿಕೆ ಸಾಲದವರು ಬಾಡಿಗೆಗೆ ತರುತ್ತಿದ್ದರು. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವವರೆಗೆ ಆ ಕೆಲವು ದಿನ ಹುಳುವು ಜಗುಲಿಯಲ್ಲಿದ್ದು, ಒಳಗೆ ನೆಲ ತೊಳೆದು, ಮನೆಯವರು ಕಾಲು ಚಾಚಿ ಮಲಗುತ್ತಿದ್ದರು.