ಜೈವಿಕ ಪೇಸ್‌ಮೇಕರಿನ ಅನ್ವೇಷಣೆ

ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುವ ನಮ್ಮ ಹೃದಯದಲ್ಲಿ ಆ ಮಿಡಿತದ ಮೊದಲ ಪ್ರೇರಣೆ ಯಾವ ಸ್ಥಾನದಿಂದ ಹೊರಡುತ್ತದೆಂಬುದು ಇಪ್ಪತ್ತನೆಯ ಶತಮಾನದ ಆದಿಯವರೆಗೆ ವೈದ್ಯಲೋಕಕ್ಕೆ ಸ್ಪಷ್ಟವಾಗಿರಲಿಲ್ಲ. 1906ರ ಬೇಸಗೆಯ ಒಂದು ದಿನ, ಅಂಗರಚನಾಶಾಸ್ತ್ರಜ್ಞರಾದ ಆರ್ಥರ್ ಕೀತ್ ಅವರು ಇಂಗ್ಲೆಂಡಿನ ಕೆಂಟ್ ಪ್ರಾಂತದ ಚೆರಿ ತೋಟಗಳ ನಡುವೆ ಪತ್ನಿಯೊಡನೆ ಸೈಕಲ್ ಸವಾರಿ ಮುಗಿಸಿ ಮನೆಗೆ ಬಂದಾಗ, ಅವರ ಶಿಷ್ಯ ಮಾರ್ಟಿನ್ ಫ್ಲ್ಯಾಕ್, ಬಿಲವಾಸಿಯಾದ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ ತಾನು ಕಂಡ ವಿಲಕ್ಷಣ ಅಂಗಾಂಶವೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಲು ಕಾತರನಾಗಿ ಕಾದಿದ್ದನು. ಊರ್ಧ್ವ ಮಹಾಸಿರೆಯು ಬಲ ಹೃತ್ಕರ್ಣವನ್ನು ಸೇರುವೆಡೆಯಲ್ಲಿದ್ದ ಆ ಅಂಗಾಂಶವನ್ನು ಗುರುಶಿಷ್ಯರಿಬ್ಬರೂ ಇತರ ಪ್ರಾಣಿಗಳಲ್ಲಿಯೂ ಅರಸಿ, 1907ರಲ್ಲಿ ಲೋಕಕ್ಕೆ ಪರಿಚಯಿಸಿದರು. ಸೈನಸ್ ನೋಡ್ ಎಂದು ಪ್ರಸಿದ್ಧವಾದ ಈ ಕಿರಿದಾದ ಗಂಟೇ ಹೃದಯದ ಸಹಜ ಪೇಸ್‌ಮೇಕರು.

ಈ ಗಂಟು ಕೆಟ್ಟಾಗ, ಅಥವಾ ಅದರ ಪ್ರೇರಣೆ ಕೆಳಗಿನ ಹೃತ್ಕುಕ್ಷಿಗಳನ್ನು ಮುಟ್ಟದೆ ನಡುವೆಯೇ ತಡೆಗೊಂಡಾಗ, ಯಂತ್ರದ ನೆರವನ್ನು ಪಡೆಯುವ ಯುಗ 1958ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಆರಂಭವಾಯಿತು. ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ರಚಿಸಿ, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ದೇಹದೊಳಗೆ ಇರಿಸಿದ ಆ ಮೊದಲ ಸಾಧನ ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಆದರೂ ರೋಗಿಯಾದ ಆರ್ನೆ ಲಾರ್ಸನ್, ಒಂದರ ತರುವಾಯ ಒಂದರಂತೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳ ಬಲದಿಂದ 2001ರವರೆಗೆ ಬಾಳಿದರೆಂಬುದು ಈ ವಿದ್ಯೆಯ ಹಿರಿಮೆಗೂ ಮಿತಿಗೂ ಏಕಕಾಲಕ್ಕೆ ಸಾಕ್ಷಿಯಾಗಿದೆ. ಬ್ಯಾಟರಿ ತೀರುತ್ತದೆ, ತಂತಿ ಮುರಿಯುತ್ತದೆ, ಶಿಶುವಿನ ದೇಹ ಬೆಳೆದಂತೆಲ್ಲ ಹಾಕಿದ ತಂತಿ ಗಿಡ್ಡವಾಗುತ್ತದೆ, ಸೋಂಕು ತಗುಲಿದರೆ ಸಾಧನವನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಚಲನೆಯನ್ನರಿತು ವೇಗವನ್ನು ಹೆಚ್ಚಿಸುವ ಸಾಧನಗಳು ಬಂದಿವೆಯಾದರೂ, ಭಯ ಹರ್ಷ ಜ್ವರ ನಿದ್ರೆಗಳಿಗೆ ಸಹಜ ಹೃದಯ ಕೊಡುವ ಉತ್ತರದ ಸೂಕ್ಷ್ಮತೆ ಅವುಗಳಿಗೆ ಇನ್ನೂ ಪೂರ್ಣವಾಗಿ ಕೈಗೂಡಿಲ್ಲ.

ಜೀವಕೋಶಗಳಿಂದಲೇ ಪೇಸ್‌ಮೇಕರನ್ನು ನಿರ್ಮಿಸಬಹುದೆಂಬ ವಿಚಾರ ಹುಟ್ಟಬೇಕಾದರೆ, ಸೈನಸ್ ಕೋಶವು ತಾನೇ ತಾನಾಗಿ ಮಿಡಿಯುವ ಬಗೆ ಮೊದಲು ತಿಳಿಯಬೇಕಿತ್ತು. ಹೃತ್ಕುಕ್ಷಿಯ ಕೋಶವು ಒಂದು ಮಿಡಿತದ ಬಳಿಕ ಮುಂದಿನ ಪ್ರೇರಣೆ ಬರುವತನಕ ಸ್ಥಿರವಾಗಿ ವಿರಮಿಸುತ್ತದೆ. ಸೈನಸ್ ಕೋಶಕ್ಕಾದರೋ ಅಂತಹ ವಿರಾಮವಿಲ್ಲ, ಅದರ ಪೊರೆಯ ವಿದ್ಯುತ್ ವಿಭವವು ಮೆಲ್ಲಮೆಲ್ಲನೆ ಮೇಲೇರುತ್ತ ಒಂದು ಹೊಸ್ತಿಲನ್ನು ಮುಟ್ಟಿದೊಡನೆ ಮತ್ತೊಂದು ಮಿಡಿತ ತಾನಾಗಿ ಸಿಡಿಯುತ್ತದೆ. ಈ ಏರಿಕೆಗೆ ನೆರವಾಗುವ ಅಯಾನುಪ್ರವಾಹವೊಂದನ್ನು ಹಿಲರಿ ಬ್ರೌನ್, ಡಾರಿಯೊ ಡಿಫ್ರಾನ್ಚೆಸ್ಕೊ, ಸೂಸನ್ ನೋಬಲ್ ಅವರು 1979ರಲ್ಲಿ ಮೊಲದ ಸೈನಸ್ ಗಂಟಿನಲ್ಲಿ ವರ್ಣಿಸಿ, ಅಡ್ರಿನಲಿನ್ ಹೃದಯವನ್ನು ಚುರುಕುಗೊಳಿಸುವ ಮರ್ಮವನ್ನೂ ಅದರ ಮೂಲಕ ವಿವರಿಸಿದರು. ಈ ಪ್ರವಾಹದ ವಾಹಿನಿಗಳನ್ನು ರಚಿಸುವ ಎಚ್‌ಸಿಎನ್ ಜೀನುಗಳು 1998ರ ವೇಳೆಗೆ ಕೈಗೆ ಸಿಕ್ಕಿದುವು.

ನಿಜವಾದ ತಿರುವು 2002ರದು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಎದುವಾರ್ದೊ ಮಾರ್ಬನ್ ಮತ್ತು ಸಂಗಡಿಗರು, ಹೃತ್ಕುಕ್ಷಿಯ ಕೋಶವನ್ನು ವಿರಾಮದಲ್ಲಿ ಕಟ್ಟಿಹಾಕುವ ಪೊಟ್ಯಾಸಿಯಂ ಪ್ರವಾಹವನ್ನು ಜೀನ್ ವರ್ಗಾವಣೆಯಿಂದ ಕುಗ್ಗಿಸಿದೊಡನೆ, ಗಿನಿಯಿಲಿಯ ಆ ಕೋಶಗಳು ಯಾರ ಪ್ರೇರಣೆಯೂ ಇಲ್ಲದೆ ಮಿಡಿಯತೊಡಗಿದುವು. ಮಿಡಿಯುವ ಶಕ್ತಿ ಆ ಕೋಶಗಳಲ್ಲಿ ಸುಪ್ತವಾಗಿದೆ, ಅದನ್ನು ಅದುಮಿರುವ ಕೈಯನ್ನು ಸರಿಸಿದರೆ ಸಾಕು ಎಂಬ ಈ ದರ್ಶನದ ಸೊಗಸನ್ನು ಎಷ್ಟು ಕೊಂಡಾಡಿದರೂ ಕಡಮೆಯೇ. ಆದರೆ ಅದೇ ಪ್ರವಾಹ ಪ್ರತಿ ಮಿಡಿತದ ನಂತರ ಕೋಶವನ್ನು ಮೊದಲಿನ ಸ್ಥಿತಿಗೆ ತರುವುದರಲ್ಲಿಯೂ ಪಾಲುಗೊಳ್ಳುವುದರಿಂದ, ಅದನ್ನು ಕುಗ್ಗಿಸುವುದು ಲಯಭಂಗಕ್ಕೆ ಎಡೆಗೊಡುವ ಅಪಾಯವಿತ್ತು. ಕೊಲಂಬಿಯ ವಿಶ್ವವಿದ್ಯಾನಿಲಯದ ಮೈಕೇಲ್ ರೋಸೆನ್ ಮತ್ತು ರಿಚರ್ಡ್ ರಾಬಿನ್‌ಸನ್ ಇನ್ನೊಂದು ದಾರಿ ಹಿಡಿದು, 2003ರಲ್ಲಿ ಎಚ್‌ಸಿಎನ್2 ಜೀನನ್ನು ನಾಯಿಯ ಎಡ ಹೃತ್ಕರ್ಣದಲ್ಲಿ ನೆಲೆಗೊಳಿಸಿದರು. ಮರುವರ್ಷ ಹೈಫಾದ ಲಿಯೊರ್ ಗೆಪ್‌ಸ್ಟೀನ್ ಅವರ ತಂಡ ಮಾನವ ಭ್ರೂಣದ ಆಕರಕೋಶಗಳಿಂದ ಬೆಳೆಸಿದ ಹೃದಯಕೋಶಗಳು ತಡೆಗೊಂಡ ಹಂದಿಯ ಹೃದಯವನ್ನು ಮಿಡಿಸಬಲ್ಲುವೆಂದು ತೋರಿಸಿತು.

ಒಂದೊಂದು ಪ್ರವಾಹವನ್ನು ಪ್ರತ್ಯೇಕವಾಗಿ ತಿದ್ದುವುದಕ್ಕಿಂತ ಕೋಶದ ಸ್ವಭಾವವನ್ನೇ ಮಾರ್ಪಡಿಸುವುದು ಮೇಲೆಂಬ ಅರಿವು ಮುಂದಿನ ಹೆಜ್ಜೆಯನ್ನು ರೂಪಿಸಿತು. ಭ್ರೂಣದಲ್ಲಿ ಸೈನಸ್ ಗಂಟು ಮೂಡುವಾಗ ಸಕ್ರಿಯವಾಗಿದ್ದು ಅನಂತರ ಮೌನ ತಾಳುವ ಟಿಬಿಎಕ್ಸ್18 ಎಂಬ ಜೀನನ್ನು ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಸಂಸ್ಥೆಯಲ್ಲಿ ಮಾರ್ಬನ್ ಮತ್ತು ಹೀ ಚಿಯೋಲ್ ಚೋ ಹೃತ್ಕುಕ್ಷಿಯ ಕೋಶಗಳಿಗೆ ಸೇರಿಸಿದಾಗ, ಅವು ಮಿಡಿತದಲ್ಲಿ ಮಾತ್ರವಲ್ಲ, ಆಕಾರದಲ್ಲಿಯೂ ತೆಳುವಾಗಿ ನೀಳವಾಗಿ ಸೈನಸ್ ಕೋಶಗಳಂತಾದುವು. 2014ರಲ್ಲಿ, ಪ್ರೇರಣೆಯ ದಾರಿಯನ್ನು ಕಡಿದಿದ್ದ ಹಂದಿಗಳ ಹೃದಯಕ್ಕೆ, ಎದೆಯನ್ನು ತೆರೆಯದೆ ಸಿರೆಯೊಳಗಿನ ಕ್ಯಾಥೆಟರಿನಿಂದಲೇ, ಮೆಣಸಿನ ಕಾಳಿನಷ್ಟು ಎಡೆಯಲ್ಲಿ ಈ ಜೀನನ್ನು ಅಡೆನೋವೈರಸ್ ಮೂಲಕ ಚುಚ್ಚಲಾಯಿತು. ಎರಡನೆಯ ದಿನಕ್ಕೆ ಮಿಡಿತ ಚುರುಕಾಯಿತು. ಎರಡು ವಾರಗಳ ಅಧ್ಯಯನದುದ್ದಕ್ಕೂ ಅದು ಪ್ರಾಣಿಯ ಓಡಾಟಕ್ಕೆ ತಕ್ಕಂತೆ ಏರುತ್ತ, ವಿಶ್ರಾಂತಿಯಲ್ಲಿ ಇಳಿಯುತ್ತ ನಡೆಯಿತು.

ಅಡೆನೋವೈರಸ್ ಹೊತ್ತೊಯ್ದ ಜೀನು ಕೋಶದ ವರ್ಣತಂತುವಿನಲ್ಲಿ ಬೆರೆಯದು. ದೇಹದ ರಕ್ಷಣಾವ್ಯವಸ್ಥೆಯೂ ಅದನ್ನು ಬಹುಕಾಲ ಸಹಿಸದು. ದೀರ್ಘಕಾಲ ಉಳಿಯುವ ವಾಹಕಗಳಿಗಾಗಿಯೂ, 2017ರಲ್ಲಿ ಟೊರಾಂಟೋದ ಸ್ಟೆಫನಿ ಪ್ರೋಟ್ಸೆ ಮತ್ತು ಗಾರ್ಡನ್ ಕೆಲರ್ ಮಾನವ ಆಕರಕೋಶಗಳಿಂದ ಶುದ್ಧವಾಗಿ ಬೇರ್ಪಡಿಸಿದ ಸೈನಸ್‌ಸದೃಶ ಕೋಶಗಳ ವಿಷಯದಲ್ಲಿಯೂ ಈಗ ಶ್ರಮ ನಡೆದಿದೆ. ಯಂತ್ರದ ಪೇಸ್‌ಮೇಕರಿನ ಸ್ಥಾನವನ್ನು ಇವು ಬೇಗನೆ ಕಸಿದುಕೊಳ್ಳುವುವೆಂದು ಹೇಳುವುದು ರೋಗಿಗಳಿಗೆ ಸುಳ್ಳು ಭರವಸೆ ಕೊಟ್ಟಂತೆ. ವರ್ಷಾನುವರ್ಷ ಒಮ್ಮೆಯೂ ತಪ್ಪದೆ ಮಿಡಿಯುವ ವಿಶ್ವಾಸಾರ್ಹತೆಯನ್ನು ಎರಡು ವಾರಗಳ ಪ್ರಯೋಗದಿಂದ ಅಳೆಯಲಾಗದು. ಸೋಂಕು ತಗುಲಿ ಸಾಧನವನ್ನು ತೆಗೆಸಿಕೊಂಡು, ಹೊಸದನ್ನು ಹಾಕುವತನಕ ಹೇಗೋ ದಿನ ದೂಡಬೇಕಾದ ರೋಗಿಗಾದರೋ ಆ ಎರಡು ವಾರಗಳೇ ಬೇಕಾದುವು. ಆದುದರಿಂದ ಜೈವಿಕ ಪೇಸ್‌ಮೇಕರಿನ ಮೊದಲ ಮಾನವಪರೀಕ್ಷೆ ನಡೆಯಬೇಕಾದುದು ಇಂತಹ ರೋಗಿಗಳ ಹಿತಕ್ಕಾಗಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.