ಡೌನ್ ಹೌಸಿನ ಹಿತ್ತಲು

ಪಿಯುಸಿ ಮಕ್ಕಳಿಗೆ ವಿಕಾಸವಾದ ಕಲಿಸಿದಷ್ಟು ವರ್ಷವೂ ನನಗೊಂದು ಕೊರಗಿತ್ತು. ಪಾಠದಲ್ಲಿ ಡಾರ್ವಿನ್ ಬೀಗಲ್ ಹಡಗು ಹತ್ತುತ್ತಾನೆ, ಗಲಾಪಗೋಸ್ ದ್ವೀಪಗಳ ಹಕ್ಕಿಗಳನ್ನು ನೋಡುತ್ತಾನೆ, ಅಲ್ಲಿಗೆ ಕತೆ ಮುಗಿಯುತ್ತದೆ. ಹಡಗಿನಲ್ಲಿ ಕಳೆದದ್ದು ಐದು ವರ್ಷ. 1842ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಗೆ ಸಂಸಾರ ಸಮೇತ ಬಂದವನು 1882ರಲ್ಲಿ ಕಣ್ಣುಮುಚ್ಚುವ ತನಕ ಅಲ್ಲೇ ನೆಲೆ ನಿಂತ. ಆ ನಲವತ್ತು ವರ್ಷ ಮನೆಯ ಹಿತ್ತಲೇ ಅವನ ಪ್ರಯೋಗಶಾಲೆ.

1857ರಲ್ಲಿ ಮೂರಡಿ ಉದ್ದ, ಎರಡಡಿ ಅಗಲದ ನೆಲವನ್ನು ಅಗೆದು ಹಸನು ಮಾಡಿ, ಏನನ್ನೂ ಬಿತ್ತದೆ ಬಿಟ್ಟ. ತಾವಾಗಿ ಎದ್ದ ಒಂದೊಂದು ಕಳೆಸಸಿಗೂ ಗುರುತು ಹಾಕುತ್ತ ಹೋದ. ಹುಟ್ಟಿದವು 357, ಸತ್ತವು 295. ಹೆಚ್ಚಿನವನ್ನು ಚಿಪ್ಪಿಲ್ಲದ ಬಸವನಹುಳುಗಳೂ ಕೀಟಗಳೂ ಮುಗಿಸಿದ್ದವು. ಬದುಕಿನ ಹೋರಾಟ ಎಂದೊಡನೆ ಮಕ್ಕಳಿಗೆ ಹುಲಿ, ಜಿಂಕೆ ನೆನಪಾಗುತ್ತವೆ. ಅವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತಿದ್ದೆ.

ಇನ್ನೊಂದು ಪ್ರಯೋಗಕ್ಕೆ ನೆಲವೂ ಬೇಕಿರಲಿಲ್ಲ, ಉಪ್ಪುನೀರು ಸಾಕಿತ್ತು. ದೂರದ ದ್ವೀಪಗಳಿಗೆ ಗಿಡಗಳು ಹೋದದ್ದು ಹೇಗೆ? ಸಮುದ್ರದಲ್ಲಿ ತೇಲಿ ಹೋಗಿರಬಹುದೇ? ಉಪ್ಪುನೀರಿನಲ್ಲಿ ಬೀಜ ಬದುಕೀತೆಂಬ ಭರವಸೆ ಸ್ನೇಹಿತ, ಸಸ್ಯವಿಜ್ಞಾನಿ ಹೂಕರ್‌ಗೆ ಇರಲಿಲ್ಲ. 1855ರಲ್ಲಿ ಡಾರ್ವಿನ್ ಮೂಲಂಗಿ, ಎಲೆಕೋಸು, ಕ್ಯಾರೆಟ್, ಈರುಳ್ಳಿ ಬೀಜಗಳನ್ನೆಲ್ಲ ಉಪ್ಪುನೀರಿಗೆ ಹಾಕಿಟ್ಟ. ಹೂಕರ್‌ರನ್ನು ಅಪ್ಪ ಸೋಲಿಸುತ್ತಾನೋ ಇಲ್ಲವೋ ಎಂದು ಮನೆಯ ಮಕ್ಕಳಿಗೆ ತವಕವೋ ತವಕ. ಕೊನೆಗೆ 87 ಜಾತಿಗಳಲ್ಲಿ 64 ಜಾತಿಯ ಬೀಜಗಳು 28 ದಿನ ನೆನೆದ ಮೇಲೂ ಮೊಳೆತವು. ಆದರೆ ಹೊಸ ತೊಡಕೊಂದು ಎದುರಾಯಿತು: ಬೀಜಗಳು ತೇಲದೆ ಮುಳುಗುತ್ತಿದ್ದವು! ಅವನು ಬಿಡಲಿಲ್ಲ. ಕಾಯಿ, ಹಣ್ಣು ಕಚ್ಚಿದ ಟೊಂಗೆಗಳನ್ನೇ ಒಣಗಿಸಿ ನೀರಿಗೆ ಬಿಟ್ಟು ನೋಡಿದ. ಹಸಿಯದು ತಟ್ಟನೆ ಮುಳುಗುವ ಹೇಜಲ್ ಕಾಯಿ, ಒಣಗಿಸಿದರೆ 90 ದಿನ ತೇಲಿತು; ಆಮೇಲೆ ನೆಟ್ಟಾಗ ಮೊಳೆಯಿತು ಕೂಡ.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಎರೆಹುಳುಗಳ ಕೆಲಸ. ಡೌನ್‌ಗೆ ಬಂದ ವರ್ಷವೇ, ಡಿಸೆಂಬರ್ 20ರಂದು, ಮನೆಯ ಬಳಿಯ ಹುಲ್ಲುಗಾವಲಿನ ಒಂದು ಭಾಗದಲ್ಲಿ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದ್ದ. ಎರೆಹುಳುಗಳು ಒಳಗಿನ ಮಣ್ಣನ್ನು ಹಿಕ್ಕೆಯಾಗಿ ಮೇಲೆ ಹಾಕುತ್ತ ಹಾಕುತ್ತ ಆ ಚೂರುಗಳನ್ನು ಎಷ್ಟು ಆಳಕ್ಕೆ ಹೂಳುತ್ತವೆ ಎಂದು ನೋಡಬೇಕಿತ್ತು. ಕಾಲುವೆ ತೋಡಿಸಿದ್ದು 1871ರ ನವೆಂಬರ್ ಕೊನೆಗೆ, 29 ವರ್ಷಗಳ ಮೇಲೆ. ಏಳು ಇಂಚು ಕೆಳಗೆ, ಎರಡೂ ಬದಿಯ ಮಣ್ಣಿನಲ್ಲಿ, ಬಿಳಿ ಚೂರುಗಳ ಗೆರೆ ಕಂಡಿತು. ಲೋಕ ಸುತ್ತುವವನಿಗೆ ಇದು ದಕ್ಕುವುದಿಲ್ಲ. ಅದೇ ಮನೆಯಲ್ಲಿದ್ದು, ಅದೇ ನೆಲವನ್ನು ದಿನವೂ ತುಳಿಯುವವನಿಗೆ ಮಾತ್ರ ಇಷ್ಟು ಕಾಯಲು ಸಾಧ್ಯ.

ಎರೆಹುಳುಗಳ ಬಗ್ಗೆ ಅವನು ಬರೆದ ಪುಸ್ತಕ 1881ರಲ್ಲಿ, ಅವನು ಸಾಯುವ ಹಿಂದಿನ ವರ್ಷ, ಹೊರಬಂತು. ಅದರಲ್ಲಿ ನಮ್ಮ ಪಕ್ಕದ ನೀಲಗಿರಿಯ ಎರೆಹುಳು ಹಿಕ್ಕೆಯದೊಂದು ಚಿತ್ರವೂ ಇದೆ, ಫೋಟೋ ನೋಡಿ ಕೆತ್ತಿಸಿದ್ದು. ಮಳೆಗಾಲದಲ್ಲಿ ಇಲ್ಲಿನ ಅಡಿಕೆ ತೋಟಗಳಲ್ಲೂ ಹಿಕ್ಕೆಯ ಗುಡ್ಡೆಗಳು ಏಳುತ್ತವೆ. ನಮ್ಮ ಮಣ್ಣಿನಲ್ಲಿ ಸುಣ್ಣಕಲ್ಲಿನ ಚೂರು ಏಳು ಇಂಚು ಇಳಿಯಲು ಎಷ್ಟು ವರ್ಷ ಹಿಡಿದೀತು? ತೋಟವಿರುವ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕಂಡಾಗಲೆಲ್ಲ ಇದನ್ನೇ ಕೇಳುತ್ತೇನೆ.