ಪಯಸ್ವಿನಿಯ ಮೀನೂ ನೂರೈವತ್ತು ವರ್ಷ ಹಳೆಯ ಒಂದು ಪುಸ್ತಕವೂ

ಪತ್ತನಾಜೆ ಕಳೆದು ನಾಲ್ಕು ಮಳೆ ಬಿದ್ದರೆ ಸಾಕು, ನಮ್ಮ ಕಾರಡ್ಕ, ಮುಳ್ಳೇರಿಯ, ಆದೂರು ಕಡೆಯ ತೋಡುಗಳಲ್ಲಿ ಕೆಂಪು ನೀರು ಹರಿಯತೊಡಗುತ್ತದೆ. ಶಾಲೆ ಆರಂಭವಾಗುವುದೂ ಅದೇ ಹೊತ್ತಿಗೆ. ಮಕ್ಕಳು ಹೊಸ ಪುಸ್ತಕದ ಮಾತಿಗಿಂತ ಹೆಚ್ಚಾಗಿ ಆಡುವುದು ಮೀನಿನ ಮಾತು. ಯಾವ ಕಯದಲ್ಲಿ ಗಾಳ ಹಾಕಿದರೆ ಸಿಕ್ಕುತ್ತದೆ, ಯಾರ ಗದ್ದೆಗೆ ಮುಗುಡು ಹತ್ತಿದೆ ಎಂಬುದೆಲ್ಲ ಅವರಿಗೆ ಗೊತ್ತು. ಆದರೆ ಈ ಗಾಳಕ್ಕೂ ತೋಡಿಗೂ ಒಂದು ಇತಿಹಾಸವಿದೆ ಎಂದು ನಾವು ಅವರಿಗೆ ಹೇಳಿಕೊಡುವುದಿಲ್ಲ. ಪಠ್ಯಪುಸ್ತಕದಲ್ಲಿ ಅದು ಇಲ್ಲವಲ್ಲ! ಆ ಇತಿಹಾಸವನ್ನು ಇಲ್ಲಿ ಸ್ವಲ್ಪ ನೋಡೋಣ.

ಮಂಗಳೂರಿನಲ್ಲಿ ಪ್ರಕಟವಾದ ಪುಸ್ತಕ

ಇಂದಿನ ಕಾಸರಗೋಡು ಜಿಲ್ಲೆಯ ಪ್ರದೇಶ 1956ರ ನವೆಂಬರ್ 1ರ ತನಕ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಟಿಪ್ಪು ಸುಲ್ತಾನನ ಪತನದ ಬಳಿಕ, 1799ರಲ್ಲಿ, ಈ ಕರಾವಳಿ ಕಂಪೆನಿಯ ಕೈಗೆ ಬಂತು. ಆ ಮೇಲೆ ಇಲ್ಲಿಗೆ ಬಂದ ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬರು ಹೆನ್ರಿ ಸಲಿವನ್ ಥಾಮಸ್. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ ಇವರು ನಮ್ಮ ಜಿಲ್ಲೆಯ ಆಡಳಿತ ನಡೆಸಿದವರು. ಬಿಡುವಿನ ಹೊತ್ತಿನಲ್ಲಿ ಹೊಳೆ ಬದಿಯಲ್ಲಿ ಗಾಳ ಹಿಡಿದು ಕೂರುವ ಹವ್ಯಾಸ ಇವರಿಗಿತ್ತು. ದಕ್ಷಿಣ ಕನ್ನಡದ ಮೀನು ಸಾಕಣೆಯ ಕುರಿತು ಇವರು ಬರೆದ ವರದಿ 1870ರಲ್ಲಿ ಅಚ್ಚಾಯಿತು. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಮಂಗಳೂರಿನ ಬಾಸೆಲ್ ಮಿಶನ್ ಮೂಲಕವೇ ಪ್ರಕಟವಾಯಿತು. ಕಿಟ್ಟೆಲರ ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದದ್ದೂ ಇದೇ ಬಾಸೆಲ್ ಮಿಶನ್. ಗಾಳದ ಮೀನುಗಾರಿಕೆಯ ಬಗ್ಗೆ ಭಾರತದಲ್ಲಿ ಬಹು ಹೆಸರು ಪಡೆದ ಈ ಪುಸ್ತಕಕ್ಕೆ 1881ರಲ್ಲಿ ಎರಡನೆಯ ಹಾಗೂ 1897ರಲ್ಲಿ ಮೂರನೆಯ ಮುದ್ರಣ ಬಂತು.

ಥಾಮಸರ ಪ್ರೀತಿಯ ಮೀನು ಮಹಶೀರ್. ನಮ್ಮ ಕಡೆ ಇದಕ್ಕೆ ಪೆರುವಾಳು, ಪೆರುವೋಲು ಎಂಬ ಹೆಸರುಗಳಿವೆ. ಇದು ಹರಿಯುವ ತಿಳಿನೀರಿನ ಮೀನು. ದೊಡ್ಡ ಹುರುಪೆ, ದಪ್ಪ ತುಟಿ. ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಆದರೂ ಇದರ ಹಿಡಿತಕ್ಕೆ ಸಾಧಾರಣ ಗಾಳ ಚಪ್ಪಟೆಯಾಗಿ ಹೋಗುತ್ತದೆ. ಹಾಗಾಗಿ ಗಾಳ ಗಟ್ಟಿಯಾಗಿರಬೇಕು, ದಾರ ಉದ್ದವಾಗಿರಬೇಕು, ಕಚ್ಚಿದ ಮೀನು ಮೊದಲ ಸಲ ಓಡುವಾಗ ಎದುರು ಎಳೆಯದೆ ಓಡಲು ಬಿಡಬೇಕು ಎಂಬುದೇ ಅದನ್ನು ಹಿಡಿಯುವವರ ಮೊದಲ ಪಾಠ. ಇಂಗ್ಲೆಂಡಿನವರು ಕೊಂಡಾಡುವ ಸಾಲ್ಮನ್ ಮೀನಿಗಿಂತಲೂ ಗಾಳಕ್ಕೆ ಸಿಕ್ಕ ಮಹಶೀರಿನ ಹೋರಾಟ ದೊಡ್ಡದು ಎಂದು ಅವರು ವಾದಿಸಿದರು. ಇಲ್ಲಿನ ಹೊಳೆಯ ಮೀನೊಂದು ಇಂಗ್ಲೆಂಡಿನ ಓದುಗರಿಗೆ ಪರಿಚಯವಾದದ್ದು ಹೀಗೆ.

ಮೀನಿನ ಹೆಸರಿನಲ್ಲಿ ನಮ್ಮ ನಾಡು

ನಮ್ಮ ತೋಡು ಹೊಳೆಗಳ ಮೀನುಗಳಿಗೆ ವಿಜ್ಞಾನದಲ್ಲಿಯೂ ಸ್ಥಾನವಿದೆ. ಟಿ. ಸಿ. ಜೆರ್ಡನ್ ಎಂಬ ವೈದ್ಯರು 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಬರೆದಾಗ, ಕೆನರಾದ ತೋಡುಗಳಲ್ಲಿ ಕಂಡ ಒಂದು ಚಿಕ್ಕ ಮೀನಿಗೆ 'ಕೆನರೆನ್ಸಿಸ್' ಎಂದು ಹೆಸರಿಟ್ಟರು. ಅಂದರೆ ಕನ್ನಡ ಜಿಲ್ಲೆಯದು ಎಂದರ್ಥ. ಮುಂದೆ ಫ್ರಾನ್ಸಿಸ್ ಡೇ ಎಂಬ ಇನ್ನೊಬ್ಬ ವೈದ್ಯರು 1874ರಲ್ಲಿ ದಕ್ಷಿಣ ಕನ್ನಡದ ಒಂದು ಕೆಂಪು ಬಣ್ಣದ ಮೀನಿಗೆ ಥಾಮಸರ ನೆನಪಿಗಾಗಿ 'ಥಾಮಸ್ಸಿ' ಎಂದು ಹೆಸರು ಕೊಟ್ಟರು. ಇಂದು ಆ ಮೀನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ನಮ್ಮ ಚಂದ್ರಗಿರಿಯಲ್ಲಿಯೂ ಕಾಣಸಿಗುವ, ಮೈಯಲ್ಲಿ ಕೆಂಪು ಗೆರೆ ಇರುವ 'ಮಿಸ್ ಕೇರಳ' ಎಂಬ ಚೆಲುವಾದ ಮೀನನ್ನು ಡೇ ಅವರು 1865ರಲ್ಲಿ ವಿವರಿಸಿದ್ದರು. ಗಾಜಿನ ತೊಟ್ಟಿಯಲ್ಲಿ ಸಾಕಲು ವಿದೇಶಕ್ಕೆ ಕಳುಹಿಸುವುದಕ್ಕಾಗಿ ಹೊಳೆಗಳಿಂದ ಇದನ್ನು ಹಿಡಿದು ಹಿಡಿದು ಇದರ ಸಂಖ್ಯೆ ತುಂಬ ಇಳಿದಿದೆ.

ಹಿರಿಯರ ಗಾಳ, ಹಿರಿಯರ ತಿಳಿವಳಿಕೆ

ಥಾಮಸರಿಗೆ ಮೀನು ಹಿಡಿಯುವುದು ಹವ್ಯಾಸ. ನಮ್ಮ ಹಿರಿಯರಿಗೆ ಅದು ಊಟದ ಮಾತು. ಓಟೆಯ ಕೋಲು, ದಾರ, ತೇಲುವುದಕ್ಕೆ ಒಂದು ಬೆಂಡು, ಮುಳುಗುವುದಕ್ಕೆ ಸೀಸದ ಚೂರು, ಗಾಳಕ್ಕೆ ಎರೆಹುಳ. ನೈಲಾನಿನ ತಂಗೂಸಿ ಬಂದದ್ದು ಆ ಮೇಲೆ. ಇದಲ್ಲದೆ ಬೀಸುಬಲೆ ಇತ್ತು, ನೀರು ಇಳಿಯುವ ಕಡೆ ಇಡುವ ಬಿದಿರಿನ ಬುಟ್ಟಿಯಿತ್ತು.

ಸಾಮಾನಿಗಿಂತ ದೊಡ್ಡದು ನೀರನ್ನು ಓದುವ ವಿದ್ಯೆ. ನೆರೆಯ ಕೆಂಪು ನೀರಿನಲ್ಲಿ ಮೀನಿಗೆ ಗಾಳ ಕಾಣುವುದಿಲ್ಲ. ನೀರು ಇಳಿದು ತಿಳಿಯಾಗುವ ಹೊತ್ತು, ಬೆಳಗ್ಗೆ ಮತ್ತು ಸಂಜೆ, ಗಾಳಕ್ಕೆ ಒಳ್ಳೆಯದು. ರಭಸದ ನೀರು ಬಂದು ಕಯಕ್ಕೆ ಸೇರುವ ಜಾಗದಲ್ಲಿ, ಬಂಡೆಯ ಮರೆಯಲ್ಲಿ, ಅತ್ತಿಯ ಮರ ಹೊಳೆಗೆ ಬಾಗಿದ ಕಡೆ ಮೀನು ಕಾದಿರುತ್ತದೆ. ಪೆರುವಾಳು ಹಣ್ಣನ್ನೂ ತಿನ್ನುವ ಮೀನು. ಮುಗುಡು ಕೆಸರಿನದು, ರಾತ್ರಿಯದು. ಕನ್ನಡದಲ್ಲಿ ಕೊರವ, ಮಲಯಾಳದಲ್ಲಿ ವರಾಲ್ ಎನ್ನುವ ಮೀನು ಕಪ್ಪೆಮರಿಗೆ ಬಾಯಿ ಹಾಕುತ್ತದೆ.

ಈ ಕೊರವನ ಬಗ್ಗೆ ಒಂದು ಮಾತು ಮಕ್ಕಳಿಗೆ ಹೇಳಲೇಬೇಕು. ಇದು ತನ್ನ ಮರಿಗಳನ್ನು ಕಾಯುವ ಮೀನು. ಮರಿಗಳು ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಆಡುತ್ತಿದ್ದರೆ ಕೆಳಗೆ ದೊಡ್ಡ ಮೀನು ಇದೆ ಎಂದೇ ಲೆಕ್ಕ. ಆಗ ಅದನ್ನು ಹಿಡಿಯುವುದು ಬಹಳ ಸುಲಭ, ಯಾಕೆಂದರೆ ಮರಿಯ ಹತ್ತಿರ ಬಂದದ್ದನ್ನೆಲ್ಲ ಅದು ಕಚ್ಚುತ್ತದೆ. ಒಂದು ಮೀನು ಹಿಡಿದರೆ ಕಾವಲಿಲ್ಲದ ನೂರಾರು ಮರಿಗಳು ಇತರ ಮೀನುಗಳ ಪಾಲು.

ವಿಷದ ಪ್ರಶ್ನೆ

ಗಾಳದಿಂದ ಹೊಳೆ ಬರಿದಾಗುವುದಿಲ್ಲ. ಬೀಸುಬಲೆಯ ಕಣ್ಣು ದೊಡ್ಡದಿದ್ದರೆ ಅದರಿಂದಲೂ ಬರಿದಾಗುವುದಿಲ್ಲ. ಬರಿದಾಗುವುದು ವಿಷದಿಂದ. ಕಾಕಮಾರಿಯ ಬೀಜ, ಕಾರೆಕಾಯಿ ಮುಂತಾದವನ್ನು ಜಜ್ಜಿ ನೀರಿಗೆ ಹಾಕಿದರೆ ಮೀನುಗಳು ಮತ್ತು ಬಂದು ತೇಲುತ್ತವೆ. ಬೇಸಗೆಯಲ್ಲಿ ಹೊಳೆ ಬತ್ತಿ ಕಯಗಳು ಮಾತ್ರ ಉಳಿದಾಗ ಈ ಕೆಲಸ ನಡೆಯುತ್ತಿತ್ತು. ಬೇಕಾದದ್ದು ಹತ್ತು ಮೀನು, ಸಾಯುವುದು ಇಡೀ ಕಯ. ಮುಂದಿನ ಮಳೆಗಾಲಕ್ಕೆ ಬೀಜವಾಗಿ ಉಳಿಯಬೇಕಾದ ಮೀನುಗಳೂ ಅದರಲ್ಲೇ ಹೋಗುತ್ತವೆ.

ಥಾಮಸರು ಸರಕಾರದ ಗಮನಕ್ಕೆ ತಂದದ್ದು ಮುಖ್ಯವಾಗಿ ಇದನ್ನೇ: ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆ ಬುಟ್ಟಿಗಳಿಂದ ಮರಿಗಳನ್ನು ಬಾಚುವುದು. ಬರೀ ಹವ್ಯಾಸಿಯ ದೂರು ಇದಾಗಿರಲಿಲ್ಲ. ಹೊಳೆಯ ಮೀನು ಬಡವರ ಆಹಾರ, ಅದನ್ನು ಉಳಿಸುವುದು ಆಡಳಿತದ ಕೆಲಸ ಎಂಬುದು ಅವರ ವಾದ. ಮೀನುಗಾರಿಕೆಯ ಪರಿಶೀಲನೆಗಾಗಿ ಸರಕಾರ ನೇಮಿಸಿದ ಫ್ರಾನ್ಸಿಸ್ ಡೇ ಅವರು ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ವರದಿಯನ್ನು ಕೊಟ್ಟದ್ದು 1873ರಲ್ಲಿ, ಥಾಮಸರ ಪುಸ್ತಕ ಬಂದ ವರ್ಷವೇ. ಆದರೂ ಕಾನೂನು ಬರಲು 1897ರ ತನಕ ಕಾಯಬೇಕಾಯಿತು. ಆ ವರ್ಷದ ಭಾರತೀಯ ಮೀನುಗಾರಿಕಾ ಕಾಯಿದೆಯು ನೀರಿನಲ್ಲಿ ಸಿಡಿಮದ್ದು ಬಳಸುವುದನ್ನೂ ವಿಷ ಹಾಕುವುದನ್ನೂ ಅಪರಾಧವೆಂದು ಸಾರಿತು. ಶಿಕ್ಷೆ ಎರಡು ತಿಂಗಳ ತನಕ ಸೆರೆ ಅಥವಾ 200 ರೂಪಾಯಿಯ ತನಕ ದಂಡ. ಅಂದಿನ 200 ರೂಪಾಯಿ ಸಣ್ಣ ಮೊತ್ತವಲ್ಲ. ದೇಶಕ್ಕೆಲ್ಲ ಅನ್ವಯವಾದ ಈ ಕಾನೂನಿನ ಹಿಂದಿನ ಚರ್ಚೆಯಲ್ಲಿ ನಮ್ಮ ಹಳೆಯ ಜಿಲ್ಲೆಯ ಹೊಳೆಗಳ ಅನುಭವವೂ ಸೇರಿತ್ತು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು.

ಕಾನೂನಿಗಿಂತ ಹಳೆಯ ಕಾವಲು

ಇಂಗ್ಲಿಷರು ಕಾನೂನು ಮಾಡುವ ಮೊದಲೇ ನಮ್ಮಲ್ಲಿ ಒಂದು ಕಾವಲು ಇತ್ತು. ದೇವಸ್ಥಾನದ ಬಳಿಯ ಕಯದ ಮೀನನ್ನು ಯಾರೂ ಹಿಡಿಯಬಾರದು. ಪಯಸ್ವಿನಿಯ ಮೇಲ್ಭಾಗದಲ್ಲಿ, ಸುಳ್ಯ ತಾಲೂಕಿನ ತೊಡಿಕಾನದ ಮತ್ಸ್ಯತೀರ್ಥದಲ್ಲಿ ಇಂದಿಗೂ ದೇವರ ಮೀನುಗಳಿವೆ. ಅವೂ ಪೆರುವಾಳುಗಳೇ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ನದಿಯಲ್ಲಿಯೂ ಇಂಥ ಮೀನುಗಳಿವೆ. 1996ರಲ್ಲಿ ಯಾರೋ ಆ ನೀರಿಗೆ ವಿಷ ಹಾಕಿ ಅಪಾರ ಸಂಖ್ಯೆಯ ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿದ ಊರು ನಮ್ಮ ನೆರೆಯಲ್ಲಿದೆ!

ಇಂತಹ ಕಯಗಳಿಂದ ಭಕ್ತರಿಗೆ ಮಾತ್ರವಲ್ಲ, ಹೊಳೆಗೂ ಉಪಕಾರವಿದೆ. ಬೇಸಗೆಯಲ್ಲಿ ತಾಯಿಮೀನು ಉಳಿಯುವ ಜಾಗ ಅದು. ಮಳೆ ಬಂದಾಗ ಅಲ್ಲಿಂದಲೇ ಮೇಲಕ್ಕೂ ಕೆಳಕ್ಕೂ ಸಂತಾನ ಹರಡುತ್ತದೆ.

ಗಡಿ ಇಲ್ಲದ ಹೊಳೆ

ಕೊಡಗಿನ ಬೆಟ್ಟದಿಂದ ಇಳಿದು, ಸುಳ್ಯ, ಜಾಲ್ಸೂರು ದಾಟಿ, ಅಡೂರಿನ ಮಹಾಲಿಂಗೇಶ್ವರನ ಸನ್ನಿಧಿಯ ಬಳಿ ಹರಿದು ಬರುವ ಪಯಸ್ವಿನಿ ಮುಂದೆ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಇದೇ ನೀರಿಗೆ ಮೇಲೆ ಒಂದು ರಾಜ್ಯದ ಕಾನೂನು, ಕೆಳಗೆ ಇನ್ನೊಂದು ರಾಜ್ಯದ ಕಾನೂನು. ಮೀನಿಗೆ ಇದು ತಿಳಿಯದು. ಮೊದಲ ಮಳೆಗೆ ಮೊಟ್ಟೆಯಿಡಲು ಮೇಲಕ್ಕೆ ಹತ್ತುವ ಮೀನನ್ನು ಎಲ್ಲಿ ಹಿಡಿದರೂ ನಷ್ಟ ಇಡೀ ಹೊಳೆಗೆ. ಹೀಗೆ ಹತ್ತುವ ಮೀನನ್ನು ಹಿಡಿಯುವುದಕ್ಕೆ ಮಲಯಾಳದಲ್ಲಿ 'ಊತ್ತ' ಹಿಡಿಯುವುದು ಎನ್ನುತ್ತಾರೆ. ಕೇರಳದಲ್ಲಿ 2010ರ ಒಳನಾಡು ಮೀನುಗಾರಿಕಾ ಕಾಯಿದೆಯ ಪ್ರಕಾರ ಇದು ಶಿಕ್ಷಾರ್ಹ. ಮೊದಲ ಮಳೆಯ ಸಂಭ್ರಮದಲ್ಲಿ ಇದನ್ನು ನೆನಪಿಡುವವರು ಕಡಿಮೆ.

ವಿಷದ ಪ್ರಶ್ನೆಯೂ ಮುಗಿದಿಲ್ಲ, ವಿಷದ ಹೆಸರು ಮಾತ್ರ ಬದಲಾಗಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಕಾರಡ್ಕದವರು ಮರೆಯುವಂತಿಲ್ಲ. ಬಾಧಿತ ಪಂಚಾಯತುಗಳಲ್ಲಿ ನಮ್ಮದೂ ಒಂದು. 2000ದಲ್ಲಿ ಆ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿಯೇ ತಡೆಯಿತು. ಮನುಷ್ಯರಿಗೆ ಆದದ್ದನ್ನು ನಾವೆಲ್ಲ ಬಲ್ಲೆವು. ಆದರೆ ಎಂಡೋಸಲ್ಫಾನ್ ಅತಿ ಸ್ವಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುವಂಥದ್ದು. ತೋಡುಗಳ ಒಳಗೆ ಆದದ್ದರ ಲೆಕ್ಕ ಬರೆದಿಟ್ಟವರು ಕಡಿಮೆ.

ಇನ್ನು ಮೈಲುತುತ್ತು. ಅಡಿಕೆ ತೋಟವಿರುವ ಮನೆಯಲ್ಲಿ ಕೊಳೆರೋಗದ ಔಷಧಿಗಾಗಿ ಇದು ಇದ್ದೇ ಇರುತ್ತದೆ. ಔಷಧಿ ಬಿಟ್ಟ ಮೇಲೆ ಪಂಪು, ಡ್ರಮ್ಮುಗಳನ್ನು ತೋಡಿನಲ್ಲಿ ತೊಳೆದರೆ ಮೀನಿಗೆ ಅದೂ ವಿಷವೇ. ಬೇಕೆಂದೇ ಮೈಲುತುತ್ತು, ಬ್ಲೀಚಿಂಗ್ ಪುಡಿ ಹಾಕುವವರು, ತೋಟೆ ಸಿಡಿಸುವವರು ಬೇರೆ. ಅಪಾಯ ಮೀನಿಗೆ ಮಾತ್ರವಲ್ಲ. ಪಾಲಪೂವನ್, ಭೀಮನಾಮೆ ಎಂದು ಕರೆಯಲ್ಪಡುವ ದೊಡ್ಡ ಮೃದುಚಿಪ್ಪಿನ ಆಮೆ ಚಂದ್ರಗಿರಿ ಹೊಳೆಯಲ್ಲಿ ಮೊಟ್ಟೆಯಿಡುತ್ತದೆ. ಜಗತ್ತಿನಲ್ಲಿಯೇ ಅಪರೂಪವಾದ ಈ ಆಮೆಯನ್ನು 2023ರಲ್ಲಿ ಕಾಸರಗೋಡು ಜಿಲ್ಲೆಯ ಅಧಿಕೃತ ಜೀವಿಯೆಂದು ಘೋಷಿಸಲಾಯಿತು. ಕಾಸರಕದ ಮರ ನಮ್ಮ ಜಿಲ್ಲಾ ಮರವಾದದ್ದೂ ಆಗಲೇ. ಗಾಳಕ್ಕೆ ಆಮೆ ಸಿಕ್ಕಿದರೆ ದಾರ ಕತ್ತರಿಸಿ ಬಿಸಾಡದೆ, ಗಾಳವನ್ನು ಬಿಡಿಸಿ ನೀರಿಗೆ ಬಿಡಬೇಕು.

ಶಾಲೆಗಳು ಮಾಡಬಹುದಾದದ್ದು

ಮೀನು ಹಿಡಿಯಬೇಡಿ ಎಂದು ಮಕ್ಕಳಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಗಾಳ ಹಿಡಿದು ಕೂರುವ ಮಗು ಹೊಳೆಯನ್ನು ನೋಡುತ್ತದೆ. ಹೊಳೆಯನ್ನು ನೋಡಿದವನೇ ನಾಳೆ ಅದರ ಪರವಾಗಿ ಮಾತಾಡಿಯಾನು. ಆದ್ದರಿಂದ ಹಿಡಿಯುವ ಕ್ರಮವನ್ನು ಹೇಳಿಕೊಡೋಣ. ಮೊದಲ ಮಳೆಗೆ ಹತ್ತುವ ಮೀನನ್ನು ಬಿಡಬೇಕು. ಮರಿಯ ಜತೆಗಿರುವುದನ್ನು ಮುಟ್ಟಬಾರದು. ಸಣ್ಣದನ್ನು ಹಿಂದಕ್ಕೆ ಹಾಕಬೇಕು. ಕಡಿದುಹೋದ ತಂಗೂಸಿಯನ್ನು ಹೊಳೆ ಬದಿಯಲ್ಲಿ ಬಿಡಬಾರದು. ನೆರೆ ನೀರಿಗೆ ಒಬ್ಬರೇ ಇಳಿಯಲೇಬಾರದು.

ಇನ್ನೊಂದು ಕೆಲಸ ನಮ್ಮ ಕನ್ನಡ ಶಾಲೆಗಳಿಗೇ ಸೇರಿದ್ದು. ಒಂದೊಂದು ಮೀನಿಗೂ ನಮ್ಮ ಊರಿನಲ್ಲಿ ಕನ್ನಡ, ತುಳು, ಮಲಯಾಳ, ಮರಾಠಿ, ಕೊಂಕಣಿ ಹೆಸರುಗಳಿವೆ. ಒಂದೊಂದು ಕಯಕ್ಕೂ ಹೆಸರಿದೆ. ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ: ಮೀನಿನ ಹೆಸರು, ಎಲ್ಲಿ ಇತ್ತು, ಕೊನೆಯ ಸಲ ಯಾವಾಗ ಕಂಡದ್ದು. ದೂರದ ಇಂಗ್ಲೆಂಡಿನಿಂದ ಬಂದವರು ನಮ್ಮ ಮೀನುಗಳನ್ನು ಗಮನಿಸಿ ಬರೆದದ್ದರಿಂದ ಅಂದು ಏನೇನಿತ್ತು ಎಂದು ಇಂದು ನಮಗೆ ಗೊತ್ತಾಗುತ್ತದೆ. ಇಂದು ಏನಿದೆ ಎಂದು ಬರೆದಿಡುವ ಕೆಲಸ ನಮ್ಮದು. ಮುಂದಿನ ಪತ್ತನಾಜೆಗೆ ಮೊದಲೇ ಶುರು ಮಾಡೋಣ.